ಮೆಟ್ಟಿಲ ಮೇಲಿನ ನಾಲ್ಕನೆಯ ಜೋಡಿ

ಕೆಲಸ ಒಪ್ಪಿಕೊಳ್ಳುವ ಮೊದಲು ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಕೇಳಬೇಕು. ನಾನೂ ಕೇಳಿದ್ದೆ, ಕೇಳಿ ಸ್ವಲ್ಪ ಏರಿಸಿಕೊಂಡೂ ಇದ್ದೆ. ಆದರೆ ದಿನಕ್ಕೆ ಎಂಟು ತಾಸು ಯಾರ ಕೈಕೆಳಗೆ, ಯಾರ ಮಗ್ಗುಲಲ್ಲಿ ಕೂಡ್ರಬೇಕು ಎಂಬುದನ್ನು ಸಂಬಳ ಹೇಳುವುದಿಲ್ಲ. ಅದನ್ನು ಹೋಗಿ ನೋಡಬೇಕು, ಅದೂ ಕರೆಯದ ದಿನ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಚಿಕ್ಕೋಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಸಂಜೆ ಹೊತ್ತು ಕಂಪ್ಯೂಟರ್ ಕಲಿತು ಪ್ರೋಗ್ರಾಮ್ ಬರೆಯುವಷ್ಟಾಗಿದ್ದೆ. ನಿಪ್ಪಾಣಿಯ ಒಂದು ಸಣ್ಣ ಆಫೀಸಿನಲ್ಲಿ, ಯಾವ ರೈತನ ಕಬ್ಬು ಯಾವಾಗ ಕಡಿಯಬೇಕೆಂದು ಪಾಳಿ ಹಚ್ಚುವ ಪ್ರೋಗ್ರಾಮನ್ನು ಸಕ್ಕರೆ ಕಾರ್ಖಾನೆಗಳಿಗೆ ಮಾಡಿಕೊಡುತ್ತಿದ್ದರು. ಅಲ್ಲಿಯ ಮಾಲಕರು ಸೋಮವಾರದಿಂದ ಬರಲು ಹೇಳಿದ್ದರು. ಟೈಪಿಂಗ್ ಕ್ಲಾಸಿನವರು ಮಾತ್ರ ಮೊದಲೇ ತಿಳಿಸಿದ್ದರು: ‘ಹೋಗೂದಾದ್ರ ಹೋಗ್ರಿ. ಕುರ್ಚಿ ಮರುದಿನಾನ ಬ್ಯಾರೇದವ್ರಿಗೆ.’ ಅಂದರೆ, ನಾನು ಎಡವಿದರೆ ಎರಡೂ ಕೆಲಸ ಇಲ್ಲ.

ಒಂದು ಗುರುವಾರ ಹೇಳದೆ ಕೇಳದೆ ಹೋದೆ. ಆಫೀಸು ಮೇಲಿನ ಅಂತಸ್ತಿನಲ್ಲಿ. ಮೆಟ್ಟಿಲ ಬುಡದಲ್ಲಿ, ಎಲ್ಲರೂ ಮಾವ್ಶಿ ಎಂದು ಕರೆಯುವ ಹೆಂಗಸಿನ ಬ್ಲೌಸ್ ಹೊಲಿಯುವ ಅಂಗಡಿ. ಒಂದು ಬ್ಲೌಸ್ ಪೀಸ್ ಒಯ್ದಿದ್ದೆ. ಹೊಲಿಗೆಯೂ ಆಗಬೇಕಿತ್ತು, ಕೂಡ್ರಲು ನೆಪವೂ ಬೇಕಿತ್ತು.

ಕಂಪ್ಯೂಟರಿಗೆ ಧೂಳು ತಾಗಬಾರದೆಂದು ಆಗ ಎಲ್ಲರೂ ಚಪ್ಪಲಿ ಹೊರಗೆ ಬಿಡುತ್ತಿದ್ದರು. ಮೇಲಿನ ಮೆಟ್ಟಿಲ ಮೇಲೆ ನಾಲ್ಕು ಜೋಡಿ ಕಂಡವು. ಮೂರು ಸವೆದವು. ನಾಲ್ಕನೆಯದು ಅಥಣಿಯಲ್ಲಿ ಹೊಲಿದ, ದಪ್ಪ ಅಟ್ಟೆಯ, ನಡೆದರೆ ಕರಕರ ಎನ್ನುವಂಥದ್ದು.

‘ಮಾಲಕರು ಮ್ಯಾಲ ಅದಾರೇನ್ರಿ ಮಾವ್ಶಿ?’

‘ಚಪ್ಪಲ್ ಐತಿ. ಮನಷ್ಯಾ ಗೊತ್ತಿಲ್ಲ’ ಎಂದು ಮಾವ್ಶಿ ದಾರ ಕಡಿದಳು. ‘ವರ್ಷಾತು, ಅದು ಅಲ್ಲೇ ಐತಿ.’

ಹತ್ತಿ ಹೋಗಿ ಬಗ್ಗಿ ನೋಡಿದೆ. ಹಿಮ್ಮಡಿ ಊರುವ ಜಾಗದಲ್ಲಿ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳಿತ್ತು. ಹೊಲಕ್ಕೆ ಬೆದರುಗೊಂಬೆ ನಿಲ್ಲಿಸಿದ ಹಾಗೆ ಇವರು ಚಪ್ಪಲಿ ನಿಲ್ಲಿಸಿದ್ದಾರೆ ಎಂದುಕೊಂಡೆ. ಇಲ್ಲದಾಗಲೂ ಇದ್ದೇನೆಂದು ತೋರಿಸುವವರ ಕೈಯಲ್ಲಿ ಕೆಲಸ ಮಾಡಬಾರದು. ಚಿಕ್ಕೋಡಿಗೆ ಮುಂದಿನ ಬಸ್ಸು ಎಷ್ಟಕ್ಕೆ ಎಂದು ಯೋಚಿಸುತ್ತಲೇ ಒಳಗೆ ಹೋದೆ.

ಮೂರು ಕಂಪ್ಯೂಟರು, ಮೂವರು ಗಂಡಸರು. ಹಿರಿಯರಂತೆ ಕಂಡವರನ್ನು ಮಾಲಕರ ಬಗ್ಗೆ ಕೇಳಿದೆ.

‘ಅದಾರ್ರಿ.’ ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ‘ಹೊರಗ ಚಪ್ಪಲ್ ನೋಡ್ಲಿಲ್ಲೇನ್ರಿ?’

ಉಳಿದಿಬ್ಬರು ನಗಲಿಲ್ಲ. ಹಳೆಯ ಹಾಸ್ಯವಿರಬೇಕು.

‘ಅದರ ಮ್ಯಾಲ ಧೂಳ ಐತಲ್ರಿ.’

‘ನಾವು ಒರಸೂದಿಲ್ರಿ. ಒರಸಿದ್ರ, ಅವರ ಆಟ ನಮಗ ಗೊತ್ತಾಗೇತಿ ಅಂತ ಅವರಿಗೆ ಗೊತ್ತಾಗತೈತಿ.’

ಅಷ್ಟರಲ್ಲಿ ಮಾಲಕರೇ ಬಂದರು, ಸವೆದ ಹಳೆಯ ಚಪ್ಪಲಿಯನ್ನು ಬಾಗಿಲಲ್ಲಿ ಬಿಡುತ್ತ.

‘ಸೋಮವಾರ ಅಲ್ಲೇನ್ರಿ ಬಾಯಾರ, ನೀವು ಬರೂದು?’

‘ಅದಕ್ಕಿಂತ ಮೊದ್ಲ ಒಂದ್ ಮಾತು ಕೇಳೂದಿತ್ರಿ. ಆ ಧೂಳಿನ ಚಪ್ಪಲ್ ಯಾಕ ಅಲ್ಲಿ ಅದಾವು?’

ಮೂರೂ ಕೀಲಿಮಣೆಗಳು ಒಮ್ಮೆಗೇ ನಿಂತವು. ಮಾಲಕರು ತಮ್ಮ ಕಾಲ್ಬೆರಳು ನೋಡಿಕೊಂಡರು.

‘ಕಚ್ಚತಾವ್ರಿ. ಮೊದಲ ದಿನಾನ ಗುಳ್ಳಿ ಎದ್ದವು. ಇಲ್ಲೇ ಬಿಟ್ಟು, ಬರಿಗಾಲಿಲೆ ಸ್ಕೂಟರ್ ಮ್ಯಾಲ ಮನಿಗೆ ಹೋದೆ. ಇವನ್ನ ಒಯ್ದ್ರ ಮನ್ಯಾಗಿನಾಕಿ ಬೈತಾಳ. ಸಣ್ಣವು ಆಗತಾವು ಅಂತ ಆಕಿ ಅಂಗಡ್ಯಾಗ ಹೇಳಿದ್ಲು.’

‘ಅಷ್ಟ ಏನ್ರಿ?’ ಎಂದರು ಹಿರಿಯರು.

‘ಮತ್ತೇನ? ನೀವೇನಂತ ತಿಳದಿದ್ರಿ?’

ಹಿರಿಯರು ಪರದೆಯ ಕಡೆ ತಿರುಗಿದರು.

ನನ್ನ ಊಹೆ ತಪ್ಪಿತ್ತು, ಒಪ್ಪುತ್ತೇನೆ. ಆದರೆ ಈಗ ಕಂಡದ್ದೂ ಸಣ್ಣ ವಿಷಯವಲ್ಲ. ಒಂದೇ ಕೋಣೆಯಲ್ಲಿ ಕೂಡ್ರುವ ಮೂವರು ಒಂದು ವರ್ಷ ಒಂದು ಜೋಡಿ ಚಪ್ಪಲಿಯ ಬಗ್ಗೆ ಕೇಳಿರಲಿಲ್ಲ. ಅವರು ಯಾಕೆ ಕೇಳುತ್ತಿಲ್ಲ ಎಂದು ಮಾಲಕರಿಗೂ ಅನಿಸಿರಲಿಲ್ಲ. ಇಂಥಲ್ಲಿ ಪಾಳಿ ಪಟ್ಟಿ ತಪ್ಪಿದರೆ ಯಾರು ಬಾಯಿ ಬಿಡುತ್ತಾರೆ? ಜುಗೂಳದಂಥ ಊರಿನ ಯಾರದೋ ಕಬ್ಬು ಒಣಗಿದ ಮೇಲೆ ಬಿಡುತ್ತಾರೆ. ಇಲ್ಲಿ ಬಾಯಿ ಬಿಟ್ಟವಳು ನಾನು. ಬಿಟ್ಟ ಮಾತು ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ಚಿಕ್ಕೋಡಿಯ ಕುರ್ಚಿ ಬಿಡುವಂತಿರಲಿಲ್ಲ.

‘ಎಣ್ಣಿ ಹಚ್ಚಿ ಎರಡ ದಿನ ಇಡ್ರಿ, ಮೆತ್ತಗಾಗತಾವು’ ಎಂದೆ. ‘ಸೋಮವಾರ ಬ್ಯಾಡ. ಎಂಟ ದಿನ ಬಿಟ್ಟು ಬಂದು ನೋಡ್ತೀನಿ. ಅವು ನಿಮ್ಮ ಕಾಲಾಗ ಇದ್ರ ಕೆಲಸಕ್ಕ ಬರ್ತೀನಿ.’

‘ಇದೆಂಥಾ ಕರಾರ್ರಿ? ಸಂಬಳಾ ಏರಸ್ಕೊಂಡ್ರಿ, ಈಗ ಚಪ್ಪಲ್.’

‘ಸಂಬಳದ್ದು ಮುಗದೈತ್ರಿ. ಅದನ್ನ ಮತ್ತ ತಗ್ಯಾಂಗಿಲ್ಲ.’

ಮುಂದಿನ ಗುರುವಾರ ಬ್ಲೌಸ್ ಒಯ್ಯಲು ಹೋದೆ. ತೋಳು ಬಿಗಿಯಾಗಿತ್ತು, ಬಿಚ್ಚಿ ಹೊಲಿಯಲು ಹೇಳಿ ಅಲ್ಲೇ ಕುಳಿತೆ. ಸ್ವಲ್ಪ ಹೊತ್ತಿಗೆ ಕರಕರ ಸಪ್ಪಳ ಕೇಳಿತು. ಮಾಲಕರು ತುಸು ಕುಂಟುತ್ತ ಮೆಟ್ಟಿಲು ಹತ್ತಿದರು. ನನ್ನನ್ನು ನೋಡಲಿಲ್ಲ, ಅಥವಾ ನೋಡದಂತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೋ ಇಲ್ಲವೋ, ಹಿರಿಯರ ದನಿ ಬಂತು:

‘ಮಾಲಕರ, ಎಣ್ಣಿ ಭಾಳಾಗೇತ್ರಿ. ಫರ್ಶಿ ಮ್ಯಾಲ ಹೆಜ್ಜಿ ಮೂಡ್ಯಾವು. ಕಾಲ ಒರಸ್ಕೊಂಡ ಬರ್ರಿ.’

ಆಮೇಲೆ ಮಾಲಕರು ಬರಿಗಾಲಲ್ಲಿ ಕೆಳಗಿಳಿದು ಬಂದು, ಮಾವ್ಶಿಯ ಹತ್ತಿರ ಒಂದು ಅರಿವೆ ತುಂಡು ಕೇಳಿದರು.

ನಾನು ಅಂದೇ ಚಿಕ್ಕೋಡಿಗೆ ಹೋಗಿ ಕುರ್ಚಿ ಬಿಟ್ಟೆ.