ಬೆಣ್ಣೆಯ ಹಲ್ಲು

ಮಾರ್ಚ್ ಏಳು, ಶನಿವಾರ. ನಾವಿರುವ ಸೀಡರ್ ಪಾರ್ಕ್ ಊರಿನಲ್ಲಿ ಬೆಳಿಗ್ಗೆ ಚಳಿ, ಮಧ್ಯಾಹ್ನಕ್ಕೆ ಚುರುಗುಟ್ಟುವ ಬಿಸಿಲು. ನಮ್ಮ ಮೊಲ ಬೆಣ್ಣೆ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಮೊಲ ಒಂದು ದಿನ ಉಪವಾಸ ಬಿದ್ದರೂ ಉಳಿಯುವುದು ಕಷ್ಟ, ಕೂಡಲೇ ಕರೆತನ್ನಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಮೈಸೂರಿನಿಂದ ಬಂದಾಗಿನಿಂದ ಬೆಣ್ಣೆಗೆ ತಾವೇ ತಿನ್ನಿಸುತ್ತಿದ್ದ ನಮ್ಮತ್ತೆಯೂ ಕಾರು ಹತ್ತಿದರು.

ಡಾಕ್ಟರು ಬಾಯಿ ತೆರೆಸಿ ನೋಡಿ, ಹಲ್ಲು ಅತಿಯಾಗಿ ಬೆಳೆದು ನಾಲಿಗೆಗೆ ಚುಚ್ಚುತ್ತಿದೆ ಎಂದರು. ಏನು ತಿನ್ನಿಸುತ್ತೀರಿ ಎಂದು ಕೇಳಿದರು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ದಾಟಿಸಿದೆ.

"ಹಾಲಲ್ಲಿ ನೆನೆಸಿದ ಚಪಾತಿ, ಬೇಯಿಸಿದ ಕ್ಯಾರೆಟ್," ಎಂದರು ಅತ್ತೆ, ಹೆಮ್ಮೆಯಿಂದ.

ಡಾಕ್ಟರು ಹೇಳಿದ್ದನ್ನು ಮತ್ತೆ ಅತ್ತೆಗೆ ಹೇಳಿದೆ: "ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರತ್ತಂತೆ. ಒಣಹುಲ್ಲು ಅಗಿದ್ರೇನೇ ಸವೆಯೋದಂತೆ."

"ಮನೇಲಿ ಸಾಕಿದ್ದಕ್ಕೆ ಒಣಹುಲ್ಲಾ? ನೋಡಿದೋರು ಏನಂದಾರು?"

ಡಾಕ್ಟರು ನನ್ನ ಮುಖ ನೋಡಿದರು. ಅತ್ತೆ ಒಪ್ಪಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅರಿವಳಿಕೆ ಕೊಟ್ಟು ಹಲ್ಲು ತೇದು ಕಳಿಸಿದರು. ಭಾನುವಾರ ಬೆಳಿಗ್ಗೆ ಅತ್ತೆಯೇ ಒಂದು ಹಿಡಿ ಹುಲ್ಲು ಮುಂದಿಟ್ಟು ಕಾದು ಕೂತರು. ಬೆಣ್ಣೆ ಮೂಸಿತು, ಒಂದು ಎಳೆಯನ್ನು ಎಳೆದುಕೊಂಡು ಕರಕರ ಅಗಿಯತೊಡಗಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅದ್ಸರಿ, ಆಸ್ಪತ್ರೇಲಿ ಎಷ್ಟು ಕೊಟ್ರಿ?"

ಡಾಲರಿನಲ್ಲಿ ಹೇಳಿದರೆ ಕೂತಲ್ಲೇ ರೂಪಾಯಿ ಮಾಡಿಬಿಡುತ್ತಾರೆಂದು, "ನಿಮ್ಮ ಟಿಕೆಟ್ಟಿನ ಅರ್ಧ," ಎಂದೆ.

ಅತ್ತೆ ಮೊಲದಿಂದ ಕಣ್ಣು ತೆಗೆಯದೆ ಕೇಳಿದರು: "ಅರ್ಧ ಅಂದ್ರೆ, ನಾನು ಬಂದಿದ್ದೋ, ವಾಪಸು ಹೋಗೋದೋ?"