ನಾಲ್ಕು ತೂತಿನ ಕರಿಗುಂಡು

ಲೇತಿನಲ್ಲಿ ಮರ ಕಡೆದು ಬುಗುರಿ ಮಾಡುತ್ತ ಮೂವತ್ತು ವರ್ಷ ಸವೆಸಿದ ಅವಳನ್ನು ಬೀದಿಯವರೆಲ್ಲ ಬುಗುರಿಯಮ್ಮ ಎಂದೇ ಕರೆಯುತ್ತಿದ್ದರು. ಪಕ್ಕದಲ್ಲೇ ಕೂತು ಬಣ್ಣ ಬಳಿಯುವುದು ಗಂಡನ ಕೆಲಸ. ಪ್ಲಾಸ್ಟಿಕ್ ಆಟಿಕೆ ಬಂದ ಮೇಲೆ ವ್ಯಾಪಾರ ಅಷ್ಟಕ್ಕಷ್ಟೇ. ಹೀಗಿರುವಾಗ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಬಂದು, ನಾಲ್ಕು ತೂತಿನ ಕರಿಗುಂಡು, ಒಂದೇ ತೂತಿನ ಬಿಳಿಗುಂಡು, ಅವನ್ನು ಜೋಡಿಸಲು ಕಡ್ಡಿ ಬೇಕೆಂದರು.

“ಇದ್ಯಾವ ಆಟ ಮೇಡಂ?”

“ಆಟ ಅಲ್ಲಮ್ಮ, ಪಾಠ. ಕರೀದು ಇಂಗಾಲ, ಬಿಳೀದು ಜಲಜನಕ. ಇವೆರಡೇ ಸೇರಿದ್ರೆ ಹೈಡ್ರೋಕಾರ್ಬನ್. ಅಡುಗೆ ಗ್ಯಾಸು, ಸೀಮೆಎಣ್ಣೆ, ಮೇಣ ಎಲ್ಲ ಇದೇ ಮನೆತನ. ಇಂಗಾಲಗಳ ನಡುವೆ ಒಂದೊಂದೇ ಕಡ್ಡಿ ಇದ್ರೆ ಆಲ್ಕೇನ್. ಎಲ್ಲಾದ್ರೂ ಎರಡು ಬಂದ್ರೆ ಆಲ್ಕೀನ್, ಮೂರು ಬಂದ್ರೆ ಆಲ್ಕೈನ್.”

“ತ್ರಿವಳಿ ಮಕ್ಕಳಿಗೆ ಹೆಸರಿಟ್ಟ ಹಾಗಿದೆ,” ಎಂದ ಗಂಡ.

ಒಂದು ಕಡ್ಡಿಯ ಸರಪಳಿ ಸಲೀಸಾಗಿ ಕೂತಿತು. ಎರಡು ಕಡ್ಡಿ ಹಾಕಹೋದರೆ ತೂತಿಗೆ ತೂತು ಎದುರಾಗದೆ ಕಡ್ಡಿ ಲಟಕ್ಕನೆ ಮುರಿಯುತ್ತಿತ್ತು. ಮೂರು ದಿನ ಅವಳಿಗೆ ತಲೆ ಕೆಟ್ಟುಹೋಯಿತು. ಕೊನೆಗೆ ಗಂಡ ಕಿಟಕಿ ಪರದೆಯ ಸ್ಪ್ರಿಂಗ್ ಕಿತ್ತು ಕೈಗಿಟ್ಟ. ತುಂಡರಿಸಿ ಬಾಗಿಸಿ ಸಿಕ್ಕಿಸಿದಳು, ನಿಂತಿತು. ಆದರೆ ಬಿಚ್ಚಿಕೊಳ್ಳಲು ತವಕಿಸುವಂತೆ ಬಿಗಿದುಕೊಂಡಿತ್ತು.

ಅದನ್ನು ಹೇಳಿದಾಗ ಮೇಡಂ ಕಣ್ಣರಳಿಸಿದರು. “ನಿಜವಾಗ್ಲೂ ಹಾಗೇ ಅಮ್ಮ! ಆಲ್ಕೇನ್‌ಗೆ ಹೊಟ್ಟೆ ತುಂಬಿದೆ. ಇವಕ್ಕೆ ಇನ್ನೂ ಹಸಿವು, ಜಲಜನಕ ಸಿಕ್ಕಿದ್ರೆ ಒಂದು ಕೊಂಡಿ ಕಳಚಿ ಸೇರಿಸ್ಕೊಳ್ತವೆ.” ಬಳಿಕ ಆರು ಕರಿಗುಂಡುಗಳನ್ನು ಉಂಗುರ ಮಾಡಿ, ಒಂದು ಬಿಟ್ಟು ಒಂದು ಸಂದಿಗೆ ಜೋಡಿ ಸ್ಪ್ರಿಂಗ್ ಹಾಕಿದರು. “ಇದು ಬೆಂಜೀನ್. ಇದರ ಗುಂಪೇ ಬೇರೆ, ಆರೋಮ್ಯಾಟಿಕ್.”

“ಇದಕ್ಕೂ ಜೋಡಿ ಕೊಂಡಿ ಇದೆಯಲ್ಲ. ಆಲ್ಕೀನ್ ಜೊತೆ ಯಾಕೆ ಸೇರ್ಸಲ್ಲ?” ಎಂದಳು ಬುಗುರಿಯಮ್ಮ.

ಮೇಡಂ ಉಂಗುರದ ಸುತ್ತ ಬೆರಳಾಡಿಸಿದರು. “ಅಸಲಿಗೆ ಆ ಆರೂ ಕೊಂಡಿ ಒಂದೇ ಸಮ. ಹೆಚ್ಚಿನ ಮೂರು ಕೊಂಡಿ ಯಾವೊಂದು ಜೋಡಿಯ ಪಾಲೂ ಅಲ್ಲ, ಆರು ಇಂಗಾಲಕ್ಕೂ ಸೇರಿದ್ದು. ಅದಕ್ಕೇ ಅಷ್ಟು ಗಟ್ಟಿ. ಮರದಲ್ಲಿ ಅದನ್ನ ತೋರ್ಸೋಕಾಗಲ್ಲ.”

ಬುಗುರಿಯಮ್ಮನ ಮುಖ ಸಪ್ಪಗಾಯಿತು. ವಾಲುವ ಬುಗುರಿಯನ್ನು ಅವಳು ಯಾರಿಗೂ ಮಾರಿದವಳಲ್ಲ. “ಹಾಗಾದ್ರೆ ನಾನು ಕೊಟ್ಟಿದ್ದು ಸುಳ್ಳು ಸಾಮಾನಾ?”

“ಸುಳ್ಳಲ್ಲಮ್ಮ, ಅರ್ಧ ನಿಜ. ಉಳಿದರ್ಧ ನಾನು ಬಾಯಲ್ಲಿ ಹೇಳ್ತೀನಿ.”

ಆದರೂ ಅವಳಿಗೆ ಸಮಾಧಾನವಿಲ್ಲ. ಮರುವಾರ ಅಪ್ಪಣೆ ಕೇಳಿಕೊಂಡು ಹೋಗಿ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಳು. ಮೇಡಂ ಉಂಗುರ ಎತ್ತಿ ಹಿಡಿದು, “ಇದನ್ನ ಮಾಡಿದವರೇ ಕೇಳಿದ ಪ್ರಶ್ನೆ,” ಎಂದು ಶುರುಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದರು. ಆಗ ಅವಳ ಮನಸ್ಸು ಹಗುರಾಯಿತು.

ಮುಂದೆ ಇನ್ನೆರಡು ಶಾಲೆಗಳು ಗುಂಡು ಕೇಳಿಕೊಂಡು ಬಂದವು. ಪೊಟ್ಟಣ ಕಟ್ಟುವ ಮೊದಲು ಬುಗುರಿಯಮ್ಮ ಮೇಷ್ಟರ ಮುಖ ನೋಡುತ್ತಿದ್ದಳು: “ಆರೂ ಒಂದೇ ಸಮ ಅಂತ ಮಕ್ಕಳಿಗೆ ಹೇಳ್ತೀರಿ ತಾನೇ?”