ಮುಂದಿನ ಎಂಟು ಸೀಟಿನ ಮೂಗು

ಮೂಗಿನ ತುದಿಯಲ್ಲಿ ಸಿಟ್ಟು ಇರುವುದು ನನಗೆ. ನನ್ನ ಗಂಡ ರವಿಕಿರಣರ ಮೂಗಿನಲ್ಲಿ ಇದ್ದದ್ದು ಬೇರೆಯೇ. ಹೆಣ್ಣು ನೋಡಲು ಮಾಜಾಳಿಯ ನಮ್ಮ ಮನೆಗೆ ಬಂದ ದಿನ ಪಡಸಾಲೆಯಲ್ಲಿ ಕುಳಿತವರು ತಲೆಯೆತ್ತಿ, "ಒಳಗೆ ಒಗ್ಗರಣೆಗೆ ಇಟ್ಟ ಎಣ್ಣೆಯಲ್ಲಿ ನಿನ್ನೆ ಬಂಗಡೆ ಕರ್ದೀರಿ ಅಲಾ?" ಎಂದುಬಿಟ್ಟರು. ನನ್ನ ಅಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ, ಏಕೆಂದರೆ ಆ ಎಣ್ಣೆ ಇಟ್ಟವಳು ನಾನೇ. ಮುಖ ಮೋರೆ ಏನೂ ನೋಡದೆ ಆ ಮೂಗಿಗೇ ಒಪ್ಪಿದೆ ಎಂದು ಇವತ್ತಿಗೂ ಹೇಳುತ್ತೇನೆ.

ಅತ್ತೆ ಹೊನ್ನಿ ಅಂಕೋಲೆಯ ಮೀನುಪೇಟೆಯಲ್ಲಿ ನಲವತ್ತು ವರ್ಷದಿಂದ ಕೂತವರು. ಅವರು ಕಿವಿರು ಎತ್ತಿ, ಕಣ್ಣು ನೋಡಿ, ಹೊಟ್ಟೆ ಒತ್ತಿ ಮೀನಿನ ವಯಸ್ಸು ಹೇಳುತ್ತಾರೆ. ಮಗನಿಗೆ ಅದ್ಯಾವುದೂ ಬೇಕಿರಲಿಲ್ಲ. ಬುಟ್ಟಿಯ ಮೇಲೆ ಒಮ್ಮೆ ಬಗ್ಗಿದರೆ ಸಾಕು, ನಿನ್ನೆಯದೋ ಮೊನ್ನೆಯದೋ, ಬರ್ಫ ಎಷ್ಟು ಸಲ ಬದಲಾಗಿದೆಯೋ, ಎಲ್ಲ ಹೇಳುತ್ತಿದ್ದರು. ಆದರೆ ದೋಣಿ ಹತ್ತಿದರೆ ವಾಂತಿ. ಮೀನುಗಾರರ ಮನೆಯಲ್ಲಿ ಹುಟ್ಟಿ ಸಮುದ್ರ ಒಗ್ಗದವನು ಎಂದು ಊರವರು ತಮಾಷೆ ಮಾಡಿದರು. ಹೀಗಾಗಿ ಒಲೆ ಹಿಡಿದರು. ಮೊದಲು ಕಾರವಾರದಲ್ಲಿ ಹೋಟೆಲು, ಆಮೇಲೆ ಗಡಿಯಾಚೆ ಗೋವಾದಲ್ಲಿ ವಿಮಾನಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆ. ಸದಾಶಿವಗಡದ ನಮ್ಮ ಮನೆಯ ಹತ್ತಿರವೇ ಅವರ ವ್ಯಾನು ಬರುತ್ತದೆ. ಅಲ್ಲಿ ಹದಿನಾಲ್ಕು ವರ್ಷ ದುಡಿದರೂ ಇವರು ಒಮ್ಮೆಯೂ ವಿಮಾನ ಹತ್ತಿದವರಲ್ಲ.

ಇವರ ಪಾಲಿಗೆ ಬಂದದ್ದು ವಿಮಾನದ ಮುಂದಿನ ಎಂಟು ಸೀಟಿನ ಊಟ. ಬಿಸಿನೆಸ್ ಕ್ಲಾಸು. ಹಿಂದೆ ಕೂತವರಿಗೆ ರಟ್ಟಿನ ಡಬ್ಬಿ. ಮುಂದಿನವರಿಗೆ ಪಿಂಗಾಣಿ ತಟ್ಟೆ, ಬಟ್ಟೆಯ ಕರವಸ್ತ್ರ, ಹೆಬ್ಬೆರಳಿನಷ್ಟು ಉಪ್ಪಿನ ಡಬ್ಬಿ, ಊಟದ ಹೆಸರು ಅಚ್ಚು ಹಾಕಿದ ಕಾರ್ಡು. ಆ ಕಾರ್ಡಿನಲ್ಲಿ ಇವರ ಇಶ್ವಾಣ ಮೀನಿನ ಸಾರೂ ಇತ್ತು. ಅತ್ತೆಯ ಕೈಯಲ್ಲಿ ಕಲಿತ ಸಾರು, ತೆಂಗಿನಕಾಯಿ, ಕೆಂಪು ಮೆಣಸು, ಹುಳಿ, ನಾಲಿಗೆ ಜುಮ್ಮೆನಿಸುವ ನಾಲ್ಕು ಜುಮ್ಮನಕಾಯಿ. ಆದರೆ ಉಂಡವರು ಬರೆದು ಕಳಿಸುತ್ತಿದ್ದದ್ದು ಒಂದೇ ಮಾತು: ಸಪ್ಪೆ.

"ಮೇಲೆ ಹೋದ್ರೆ ಮನುಷ್ಯನ ಮೂಗು ಅರ್ಧ ಸತ್ತೋಗ್ತದೆ ವಿನೂ," ಎಂದು ನನಗೆ ವಿವರಿಸುತ್ತಿದ್ದರು. "ಗಾಳಿ ಒಣ, ಒತ್ತಡ ಕಮ್ಮಿ. ಕೆಳಗೆ ಸರಿಯಾಗಿದ್ದದ್ದು ಅಲ್ಲಿ ನೀರು."

"ಹಾಗಾದ್ರೆ ಉಪ್ಪು ಹುಳಿ ಜಾಸ್ತಿ ಹಾಕಿ," ಎಂದೆ.

"ನನ್ನ ಮೂಗು ಒಪ್ಪೂದಿಲ್ಲ," ಎಂದರು. ಅಷ್ಟು ಹಠ.

ಎರಡು ವರ್ಷದ ಹಿಂದೆ ಜ್ವರ ಬಂತು. ಐದು ದಿನ ಮಲಗಿ ಎದ್ದರು. ಎದ್ದ ದಿನ ನಾನು ಹೊರಗೆ ಹೊಲಿಗೆ ಮಷಿನ್ ತುಳಿಯುತ್ತಿದ್ದೆ. ಸುಟ್ಟ ವಾಸನೆ ಬಂದು ಒಳಗೆ ಓಡಿದರೆ ಹಾಲಿನ ಪಾತ್ರೆ ಕರಿಹಿಡಿದು ಹೊಗೆಯಾಡುತ್ತಿದೆ, ಪಕ್ಕದಲ್ಲೇ ಇವರು ಕುಳಿತು ಪೇಪರು ಓದುತ್ತಿದ್ದಾರೆ. "ಎಂತಾ ಆಯ್ತು ನಿಮಗೆ!" ಎಂದು ಕೂಗಿದೆ. ತಲೆಯೆತ್ತಿ ಹೊಗೆ ನೋಡಿದರು. ಆಗ ಅವರ ಮುಖ ಬಿಳುಚಿದ್ದು ನನಗೆ ಮರೆಯುವುದಿಲ್ಲ.

ಮಲ್ಲಿಗೆ ಹಿಡಿದೆ, ಇಂಗು ಹಿಡಿದೆ, ಕೊನೆಗೆ ಒಣಮೀನಿನ ಚೀಲವನ್ನೇ ಮೂಗಿಗೆ ಒತ್ತಿದೆ. ಏನೂ ಇಲ್ಲ. ಉಪ್ಪು, ಹುಳಿ, ಖಾರ ನಾಲಿಗೆಗೆ ತಾಗುತ್ತಿತ್ತು, ಅಷ್ಟೇ. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಮನೆಗೆ ಬರುತ್ತಾ ಕಾಳಿ ಸೇತುವೆಯ ಮೇಲೆ ಬೈಕು ನಿಲ್ಲಿಸಿ, "ನಾಳೆ ದೇವಿದಾಸ್ ಸರ್‌ಗೆ ಹೇಳ್ತೆ," ಎಂದರು. ದೇವಿದಾಸ ಎಂದರೆ ಅವರ ಮ್ಯಾನೇಜರು.

"ಬಾಯಿ ಮುಚ್ಚಿ ಸುಮ್ನಿರಿ," ಎಂದೆ. "ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಕೊಳ್ತಾರೆ? ಯಾರ ಹತ್ರವೂ ಹೇಳ್ಬೇಡಿ. ನಿಮ್ಮ ಆಯಿ ಹತ್ರವೂ."

ಇದನ್ನು ಹೇಳಿದವಳು ನಾನು. ಮುಂದೆ ಆದದ್ದಕ್ಕೆಲ್ಲ ಇವರನ್ನು ಬೈದವರಿಗೆ ಇದು ಗೊತ್ತಿರಲಿ.

ವಿಚಿತ್ರ ನೋಡಿ, ಮೂಗು ಹೋದ ಮೇಲೆ ಇವರ ಅಡುಗೆಗೆ ಹೆಸರು ಬಂತು. ತಮ್ಮ ನಾಲಿಗೆಗೆ ಏನಾದರೂ ಗೊತ್ತಾಗುವವರೆಗೆ ಹುಳಿ ಬಿಟ್ಟರು, ಉಪ್ಪು ಹಾಕಿದರು, ನಾಲ್ಕು ಜುಮ್ಮನಕಾಯಿ ಇದ್ದಲ್ಲಿ ಎಂಟು ಜಜ್ಜಿದರು. ಒಂದೇ ತಿಂಗಳಲ್ಲಿ ಮುಂದಿನ ಸೀಟುಗಳಿಂದ ಹೊಗಳಿಕೆ ಶುರುವಾಯಿತು. ವಿಮಾನದಲ್ಲಿ ಇಂಥ ಊಟ ಉಂಡೇ ಇಲ್ಲ ಎಂದು ಒಬ್ಬರು, ಈ ಅಡುಗೆಯವರನ್ನು ನೋಡಬೇಕು ಎಂದು ಇನ್ನೊಬ್ಬರು. ಇವರು ಆ ಕಾಗದ ಓದಿ ಜೋರಾಗಿ ನಕ್ಕರು. "ಅವ್ರು ಎರಡು ತಾಸು ಮೇಲಿರ್ತಾರೆ. ನಾನು ಯಾವತ್ತೂ ಮೇಲೇ," ಎಂದು ನಗುತ್ತಲೇ ಕಣ್ಣು ಒರೆಸಿಕೊಂಡರು.

ಸಾರಿನ ಕತೆ ಹೀಗೆ ಸಾಗಿತು. ಭಯ ಇದ್ದದ್ದು ಮೀನಿನದು. ಬೆಳಿಗ್ಗೆ ಬಂದ ಮೀನನ್ನು ಮೂಸಿ, ಒಳಗೆ ಬಿಡಬಹುದೆಂದು ಸಹಿ ಹಾಕುವ ಕೆಲಸವೂ ಇವರದೇ. ಜೊತೆಗೆ ಮಲ್ಲಾಪುರದ ಹುಡುಗಿ ವಿಜೇತಾ ಇದ್ದಳು, ಗುಣಮಟ್ಟ ನೋಡುವವಳು, ಚುರುಕು. ಇವರು ಪೆಟ್ಟಿಗೆ ತೆರೆದು ಅವಳ ಕಡೆ ತಿರುಗಿ, ಮಾಸ್ತರರ ಹಾಗೆ, "ನಿಂಗೆಂತಾ ಅನಿಸ್ತದೆ, ಹೇಳು ನೋಡ್ವಾ," ಎನ್ನುತ್ತಿದ್ದರು. ಅವಳು ಮೂಸಿ ಹೇಳುತ್ತಿದ್ದಳು. ಇವರು, "ಹ್ಞೂ, ಕಲ್ತಿದ್ದಿ," ಎಂದು ಸಹಿ ಹಾಕುತ್ತಿದ್ದರು. ಎರಡು ವರ್ಷ ಆ ಹುಡುಗಿಯ ಮೂಗಿನಲ್ಲಿ ನಮ್ಮ ಸಂಸಾರ ನಡೆಯಿತು. ಪಾಪ, ಅವಳು ಇವರನ್ನು ಗುರು ಎಂದು ತಿಳಿದಿದ್ದಳು.

ಕಳೆದ ಡಿಸೆಂಬರಿನಲ್ಲಿ ಒಂದು ದಿನ ಅತ್ತೆಯ ಹೊಸ ರವಿಕೆ ಕೊಡಲು ಅಂಕೋಲೆಗೆ ಹೋಗಿದ್ದೆ. ಪೇಟೆಯಲ್ಲಿ ಗಿರಾಕಿಗಳ ಗದ್ದಲ. ಅತ್ತೆ ಮೀನು ಕೊಯ್ಯುತ್ತಿದ್ದರು. ನನ್ನ ಫೋನಿನಲ್ಲಿ ಇವರ ವೀಡಿಯೊ ಕಾಲ್ ಬಂತು.

"ವಿಜೇತಾ ರಜೆ ವಿನೂ, ತಮ್ಮನ ನಿಶ್ಚಿತಾರ್ಥವಂತೆ. ಇಶ್ವಾಣ ಬಂದದೆ. ಇನ್ನು ಅರ್ಧ ತಾಸಿನಲ್ಲಿ ಒಲೆಗೆ ಹೋಗ್ಬೇಕು. ಆಯಿಗೆ ಸ್ವಲ್ಪ ತೋರಿಸು."

ಅತ್ತೆ ಕೈ ಒರೆಸಿಕೊಂಡು ಫೋನಿಗೆ ಬಗ್ಗಿದರು. ತೆರೆಯ ಮೇಲೆ ಬಿಳಿ ತುಂಡುಗಳ ಸಾಲು.

"ತಲೆ ಎಲ್ಲಿ ಇದ್ರದು?"

"ತಲೆ ಇರೂದಿಲ್ಲ ಆಯಿ. ಕೊಯ್ದೇ ಬತ್ತದೆ. ಚರ್ಮವೂ ತೆಗ್ದದೆ."

"ತಲೆ ಇಲ್ಲ, ಕಿವಿರು ಇಲ್ಲ, ಚರ್ಮ ಇಲ್ಲ. ಇದ್ನ ನಾ ಎಂತಾ ನೋಡೂದು ಮಾರಾಯಾ? ಒತ್ತಿ ನೋಡು."

"ಬರ್ಫದಲ್ಲಿದ್ದದ್ದು. ಗಟ್ಟಿ ಅದೆ."

"ಹಂಗಾರೆ ಮೂಸು! ನಾ ಕಣ್ಣು, ನೀ ಮೂಗು ಅಲ್ವಾ? ನಿನ್ನ ಮೂಗಿಗೆ ಎಂತಾ ಬಡೀತು?"

ಗಿರಾಕಿಯೊಬ್ಬಳು, "ಬೇಗ ಕೊಯ್ದು ಕೊಡೇ, ಬಸ್ಸಿಗೆ ಹೊತ್ತಾಯ್ತು," ಎಂದು ಅವಸರ ಮಾಡುತ್ತಿದ್ದಳು.

"ವಾಸನೆ ಬರೂದಿಲ್ಲ ಆಯಿ," ಎಂದರು ಇವರು. "ಜ್ವರ ಬಂದಾಗಿಂದ. ಎರಡು ವರ್ಷ ಆಯ್ತು."

ಅತ್ತೆ ಫೋನು ಬಿಟ್ಟು ನನ್ನನ್ನು ನೋಡಿದರು. "ನಿಂಗೂ ಗೊತ್ತಿತ್ತಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅತ್ತೆ ಫೋನಿಗೆ ಮುಖವಿಟ್ಟು, "ಗೊತ್ತಿಲ್ಲದ ಮೀನು ಯಾರಿಗೂ ಕೊಡೂಕಾಗ. ಒಗಿ," ಎಂದು ಹೇಳಿ ಮತ್ತೆ ಕತ್ತಿಗೆ ಕೂತರು.

ಇವರು ಬೇಡವೆಂದು ಬರೆದು ಅಷ್ಟೂ ಮೀನು ತಿರುಗಿ ಕಳಿಸಿದರು. ಮುಂದಿನ ಎಂಟು ಸೀಟಿಗೆ ಅವತ್ತು ಪನೀರ್ ಹೋಯಿತು. ಕಾರ್ಡಿನಲ್ಲಿ ಮೀನು ಬರೆದು ಪನೀರ್ ಕೊಟ್ಟಿರಿ ಎಂದು ಯಾರೋ ದೊಡ್ಡವರು ಕೂಗಾಡಿದರಂತೆ. ದೇವಿದಾಸ ಇವರನ್ನು ಎಲ್ಲರೆದುರು ಬೈದರು. ಆದರೆ ಪರೀಕ್ಷೆಗೆ ಕಳಿಸಿದ ತುಂಡಿನ ವರದಿ ನಾಲ್ಕನೇ ದಿನ ಬಂತು. ಮೀನು ಕೆಟ್ಟಿತ್ತು.

ಅಲ್ಲಿಂದ ಇವರ ಮೂಗು ದೇವರಾಯಿತು. ಬೈದ ಬಾಯಿಯೇ ಹೊಗಳಿತು. ಸನ್ಮಾನವಂತೆ, ಫಲಕವಂತೆ, ಮನೆಯವರೂ ಬರಬೇಕಂತೆ. ನಾನು ಕುಣಿದಾಡಿದೆ. ಇವರು ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದರು.

"ಇನ್ನು ಎರಡನೇ ಮೂಗು ಬೇಡ ಅಂದ್ರು. ವಿಜೇತಾನ ಬೇಕರಿಗೆ ಹಾಕಿದ್ರು. ಸೋಮವಾರದಿಂದ ನಾನೊಬ್ನೇ," ಎಂದರು.

"ಹೇಗಾದ್ರೂ ಸುಧಾರಿಸಿ. ಒಂದು ವರ್ಷ. ವಾಸನೆ ಬಂದ್ರೂ ಬಂತು."

"ಪೈಲಟ್ ಉಣ್ಣೂದೂ ಅದೇ ಮೀನು ವಿನೂ."

ಆಗ ನಾನು ಆಡಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ವಿಮಾನದ ಇಬ್ಬರು ಪೈಲಟರಿಗೆ ಒಂದೇ ಊಟ ಕೊಡುವುದಿಲ್ಲ, ಒಬ್ಬರಿಗೆ ಕೆಟ್ಟರೂ ಇನ್ನೊಬ್ಬರು ಹುಷಾರಾಗಿರಲಿ ಎಂದು, ಇವರೇ ಹಿಂದೊಮ್ಮೆ ಹೇಳಿದ್ದರು. "ಇಬ್ಬರಿಗೂ ಒಂದೇ ಊಟ ಕೊಡೂದಿಲ್ಲ ಅಂದಿದ್ರಲ್ಲ, ಮತ್ತೆಂತಾ ಹೆದರಿಕೆ?" ಎಂದೆ. ಇವರು ನನ್ನನ್ನು ನೋಡಿದ ನೋಟಕ್ಕೆ ಒಳಗೆ ಹೋಗಿ ಪಾತ್ರೆ ತಿಕ್ಕಿದೆ.

ಸನ್ಮಾನ ಶನಿವಾರ ಮಧ್ಯಾಹ್ನ. ಇವರ ಅಡುಗೆಮನೆಯಲ್ಲಿ ಹೊಸಬರಿಗೆ ಕಲಿಸಲೆಂದು ವಿಮಾನದ ಒಳಭಾಗದ ಹಾಗೆಯೇ ಮಾಡಿದ ಒಂದು ಕೋಣೆ ಇದೆ, ಅಗಲ ಸೀಟು, ಮಡಚುವ ಮೇಜು, ಎಲ್ಲ. ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿದರು. ನಾನು ಅವರ ಬದಿಗೆ. ಇವರು ಶಾಲು ಹೊದ್ದು, ಫಲಕ ಹಿಡಿದು, ಎದುರು ನಿಂತಿದ್ದರು. ಹಿಂದೆ ಕೆಲಸದವರ ಗುಂಪು, ಅದರಲ್ಲಿ ವಿಜೇತಾ. ಪಿಂಗಾಣಿ ತಟ್ಟೆಯಲ್ಲಿ ಮಗನ ಸಾರು ಬಂತು. ಅತ್ತೆ ಚಮಚ ಬದಿಗಿಟ್ಟು, ಬೆರಳಲ್ಲಿ ಕಲಸಿ ಒಂದು ತುತ್ತು ಬಾಯಿಗಿಟ್ಟರು.

"ಯಪ್ಪಾ ದೇವ್ರೇ! ಇದೆಂತಾ ಉಪ್ಪು! ಎಂತಾ ಹುಳಿ!"

ಎಲ್ಲರೂ ನಕ್ಕರು. ದೇವಿದಾಸರಿಗಂತೂ ಖುಷಿ. "ಅಜ್ಜೀ, ಅದು ಮೇಲೆ ಉಣ್ಣೋ ಸಾರು. ಆಕಾಶದಲ್ಲಿ ಮೂಗು ಕೆಲಸ ಮಾಡೂದಿಲ್ಲ. ಅದಕ್ಕೇ ನಿಮ್ಮ ಮಗ ಲೆಕ್ಕ ಹಾಕಿ ಜಾಸ್ತಿ ಹಾಕಿದ್ದು," ಎಂದರು.

ಅತ್ತೆ ನಗಲಿಲ್ಲ. ಕೈಯನ್ನು ತಟ್ಟೆಯಲ್ಲೇ ಇಟ್ಟು, "ಕೆಳಗೆ ಇಳಿದ ಮೇಲೆ ಅವ್ರಿಗೆ ಮೂಗು ತಿರುಗಿ ಬತ್ತದಾ?" ಎಂದು ಕೇಳಿದರು.

"ಬರ್ತದೆ, ಎಲ್ಲರಿಗೂ ಬರ್ತದೆ."

ಅತ್ತೆ ಮಗನ ಮುಖ ನೋಡಿದರು. ನಾನು ಮೇಜಿನ ಕೆಳಗೆ ಅವರ ಸೆರಗು ಹಿಡಿದು ಎಳೆದೆ. ಅವರು ನನ್ನ ಕೈ ತೆಗೆದರು. ಮಗನನ್ನೇ ನೋಡುತ್ತಾ ಕಾದರು.

ಇವರು ಫಲಕವನ್ನು ತಟ್ಟೆಯ ಪಕ್ಕ ಇಟ್ಟರು. "ನನ್ನದು ಬರಲಿಲ್ಲ ಸರ್," ಎಂದರು. "ಎರಡು ವರ್ಷ ಆಯ್ತು. ಆ ಮೀನು ಕೆಟ್ಟದ್ದು ನಂಗೆ ಗೊತ್ತಿರಲಿಲ್ಲ. ಗೊತ್ತಾಗೂದಿಲ್ಲ ಅಂತ ತಿರುಗಿ ಕಳಿಸಿದೆ. ಅದಕ್ಕೂ ಮುಂಚೆ ಎಲ್ಲ ಮೂಸಿದ್ದು ವಿಜೇತಾ."

ನಗುತ್ತಿದ್ದವರ ಮುಖ ಒಬ್ಬೊಬ್ಬರದಾಗಿ ಇಳಿಯಿತು. ದೇವಿದಾಸ ಫಲಕ ಎತ್ತಿಕೊಂಡು ಹೊರಗೆ ಹೋದರು. ವಿಜೇತಾ ಮುಂದೆ ಬಂದಳು. "ಹೇಳಿದ್ರೆ ನಾನೇ ಮೂಸಿ ಕೊಡ್ತಿದ್ದೆ ಸರ್. ನೀವು ಕಲಿಸ್ತಿದ್ದೀರಿ ಅಂದ್ಕೊಂಡಿದ್ದೆ," ಎಂದಳು.

ಕೆಲಸದಿಂದ ತೆಗೆಯಲಿಲ್ಲ, ಅಷ್ಟು ಪುಣ್ಯ. ಈಗ ಸಹಿ ಹಾಕುವವಳು ವಿಜೇತಾ. ಇವರು ಮುಂದಿನ ಎಂಟು ಸೀಟಿನ ತಟ್ಟೆ ಜೋಡಿಸುತ್ತಾರೆ, ಕರವಸ್ತ್ರ ಮಡಚುತ್ತಾರೆ. ಸಾರಿನ ಅಳತೆ ಮಾತ್ರ ಇವರದೇ ಉಳಿದಿದೆ. ಅವಳು ಇವರೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಇವರೂ ನನ್ನೊಂದಿಗೆ ಸುಮಾರು ದಿನ ಹಾಗೇ ಇದ್ದರು.

ಮೊನ್ನೆ ಭಾನುವಾರ ಅತ್ತೆ ಬಂದು ತಾವೇ ಸಾರು ಮಾಡಿದರು. ಆ ಎರಡು ವರ್ಷ ಅವರು ಬಡಿಸಿದಾಗಲೆಲ್ಲ ಇವರು ಮೊದಲ ತುತ್ತಿಗೇ, "ಆಯಿ, ಭಾರಿ ರುಚಿ," ಎನ್ನುತ್ತಿದ್ದರು. ಅತ್ತೆ ನಂಬಿ ಇನ್ನೊಂದು ಸೌಟು ಹಾಕುತ್ತಿದ್ದರು. ಆವತ್ತು ಇವರು ಉಂಡು ಸುಮ್ಮನಿದ್ದರು.

"ಹ್ಯಾಂಗದೆ?" ಎಂದರು ಅತ್ತೆ.

"ಉಪ್ಪು ಸರಿ ಅದೆ. ಹುಳಿ ಸರಿ ಅದೆ. ಉಳಿದದ್ದು ನಂಗೆ ಗೊತ್ತಾಗೂದಿಲ್ಲ ಆಯಿ."

ಅತ್ತೆ ಎದುರು ಕೂತರು. ಮಗನ ತಟ್ಟೆಯಿಂದ ಒಂದು ತುಂಡು ಮುರಿದು ಮೂಗಿನ ಹತ್ತಿರ ಹಿಡಿದರು. "ಉಳಿದದ್ದು ನಾ ಹೇಳ್ತೆ, ಕೇಳು. ಬಂಗಡೆ ಇವತ್ತು ಬೆಳಿಗ್ಗೇದು, ಇನ್ನೂ ಸಮುದ್ರದ ನೀರಿನ ವಾಸನೆ ಅದೆ. ಕಾಯಿ ಸ್ವಲ್ಪ ಹಳೇದು, ನಿನ್ನ ಹೆಂಡತಿ ಒಡೆದಿಟ್ಟದ್ದು. ಜುಮ್ಮನಕಾಯಿ ಹಸೀದು, ಲಿಂಬೆಸಿಪ್ಪೆ ಚಿವುಟಿದ ಹಂಗೆ ಬತ್ತದೆ."

"ಮತ್ತೆ?" ಎಂದರು ಇವರು, ತುತ್ತು ಬಾಯಲ್ಲೇ ಇಟ್ಟುಕೊಂಡು.

ಅತ್ತೆ ಹೇಳುತ್ತಾ ಹೋದರು. ನಾನು ನೀರು ತರುವ ನೆಪ ಮಾಡಿ ಎದ್ದು ಒಳಗೆ ಹೋದೆ. ಎರಡು ವರ್ಷ ದಿನಾ ಇವರ ಪಕ್ಕದಲ್ಲೇ ಕೂತು ಉಂಡವಳು ನಾನು. ಯಾರಿಗೂ ಹೇಳಬೇಡಿ ಎಂದು ನೂರು ಸಲ ಹೇಳಿದ್ದೆ. ತಟ್ಟೆಯಲ್ಲಿದ್ದದ್ದರ ವಾಸನೆ ಹೇಗಿದೆ ಎಂದು ಒಂದು ಸಲವೂ ಹೇಳಿರಲಿಲ್ಲ.